ಮಾತೆ ಕಸ್ತೂರಬಾ

ಮಹಾಪುರುಷರ ಚರಿತ್ರೆಯನ್ನು ಬರೆಯುವವರು ಅವರ ಸಹಧರ್ಮಿಣಿಯರಿಗೆ ಒಂದೆರಡು ವಾಕ್ಯಗಳನ್ನು ಮೀಸಲಿರಿಸಿ ಮುಂದೆ ಸಾಗುವುದು ವಾಡಿಕೆ. ಕಸ್ತೂರಬಾ ಅವರ ವಿಷಯದಲ್ಲಿಯೂ ಹಾಗೆಯೇ ಆಗಿದೆ. ಗಾಂಧೀಜಿಯವರ ನೆರಳಾಗಿ ಬಾಳಿದ ಸಾಧ್ವಿಯೆಂಬ ಹೊಗಳಿಕೆಯಲ್ಲಿ ಆ ತಾಯಿಯ ಸ್ವಂತ ಸೇವೆ ಮರೆಯಾಗಿಬಿಡುತ್ತದೆ. ನೆರಳಿಗೆ ಸ್ವಂತ ಇಚ್ಛೆಯೆಂಬುದಿಲ್ಲ. ಕಸ್ತೂರಬಾ ಅವರಿಗೆ ಅದು ಧಾರಾಳವಾಗಿತ್ತು. ಮನಸ್ಸೊಪ್ಪದುದನ್ನು ಒಪ್ಪೆನೆನ್ನುವ ಕೆಚ್ಚೂ, ಒಪ್ಪಿದುದನ್ನು ಕಡೆತನಕ ನಡೆಸುವ ನಿಷ್ಠೆಯೂ ಅವರಲ್ಲಿ ಒಡನೊಡನೆ ಇದ್ದವು.

ಸೌರಾಷ್ಟ್ರದ ಪೋರಬಂದರಿನ ವರ್ತಕರ ಮನೆಯಲ್ಲಿ 1869ರಲ್ಲಿ ಜನನ. ಹದಿಮೂರರ ಪ್ರಾಯದಲ್ಲಿ ವಿವಾಹ. ಶಾಲೆಯ ಮೆಟ್ಟಿಲು ಹತ್ತುವ ಯೋಗ ಬರಲಿಲ್ಲ. ಹರಿಲಾಲ, ಮಣಿಲಾಲ, ರಾಮದಾಸ, ದೇವದಾಸರೆಂಬ ನಾಲ್ವರು ಗಂಡುಮಕ್ಕಳು. 1901ರಲ್ಲಿ ದಕ್ಷಿಣ ಆಫ್ರಿಕದಿಂದ ಹೊರಡುವಾಗ ಅಲ್ಲಿಯ ಭಾರತೀಯರು ಆಭರಣಗಳನ್ನು ಕಾಣಿಕೆಯಾಗಿತ್ತರು. ಅವುಗಳಲ್ಲಿ ಐವತ್ತು ಗಿನಿ ಬೆಲೆಯ ಚಿನ್ನದ ಹಾರವೊಂದು ಕಸ್ತೂರಬಾ ಅವರಿಗೇ ಸಂದುದಾಗಿತ್ತು. ಎಲ್ಲವನ್ನೂ ಸಮಾಜಕ್ಕೆ ಹಿಂದಿರುಗಿಸಬೇಕೆಂಬುದು ಪತಿಯ ನಿರ್ಧಾರ. ಮುಂದೆ ಬರುವ ಸೊಸೆಯಂದಿರಿಗೆ ಏನು ಕೊಡುವುದೆಂಬುದು ಪತ್ನಿಯ ಪ್ರಶ್ನೆ. ಕಣ್ಣೀರಿಟ್ಟು ವಾದಿಸಿದರು. ಲೋಕವನ್ನು ಕಂಡ ಗೃಹಿಣಿಯ ವಾದವದು. ಅದನ್ನು ಲೋಭವೆಂದು ಕರೆಯುವುದು ಸಲ್ಲದು. ಕೊನೆಗೆ ಒಡವೆಗಳೆಲ್ಲ ಸಾರ್ವಜನಿಕ ನಿಧಿಯನ್ನು ಸೇರಿದವು.

ಅದೇ ದಕ್ಷಿಣ ಆಫ್ರಿಕದಲ್ಲಿ 1913ರಲ್ಲಿ ನ್ಯಾಯಾಲಯದ ತೀರ್ಪೊಂದರಿಂದ ಕ್ರೈಸ್ತೇತರ ವಿವಾಹಗಳು ಅಸಿಂಧುವಾದವು. ಧರ್ಮಪತ್ನಿಯರ ಮಾನಕ್ಕೇ ಕುಂದು ಬಂದಾಗ ಕಸ್ತೂರಬಾ ಸತ್ಯಾಗ್ರಹಿಗಳ ಮೊದಲ ತಂಡದಲ್ಲಿಯೇ ಹೊರಟು, ಮೂರು ತಿಂಗಳ ಕಠಿಣ ಶಿಕ್ಷೆಯನ್ನು ಅನುಭವಿಸಿದರು. ಹೊರಗೆ ಬಂದಾಗ ಅವರ ದೇಹ ಎಲುಬಿನ ಹಂದರವಾಗಿತ್ತು.

ಸ್ವದೇಶಕ್ಕೆ ಮರಳಿದ 1915ರಲ್ಲಿಯೇ ಮತ್ತೊಂದು ಪರೀಕ್ಷೆ ಎದುರಾಯಿತು. ಅಹಮದಾಬಾದಿನ ಕೋಚರಬ ಆಶ್ರಮಕ್ಕೆ ಅಸ್ಪೃಶ್ಯರೆನಿಸಿದ್ದ ದೂದಾಭಾಯಿಯವರ ಕುಟುಂಬ ಬಂದಿತು. ಹುಟ್ಟಿದಂದಿನಿಂದ ಮೈಗೂಡಿದ ಮಡಿಯ ಸಂಸ್ಕಾರ ಕಸ್ತೂರಬಾ ಅವರನ್ನು ಹಿಂದೆಳೆಯಿತು. ಅವರು ಆ ಕುಟುಂಬವನ್ನು ಮನಃಪೂರ್ವಕವಾಗಿ ಬರಮಾಡಿಕೊಳ್ಳಲಿಲ್ಲ. ಈ ಸಂಗತಿಯನ್ನು ಮುಚ್ಚಿಡುವುದರಿಂದ ಅವರ ಹಿರಿಮೆ ಹೆಚ್ಚುವುದಿಲ್ಲ. ಕಾಲಕ್ರಮದಲ್ಲಿ ಆ ಮನೆಯ ಮಗು ಲಕ್ಷ್ಮಿ ಆಶ್ರಮದಲ್ಲಿ ಮಗಳಾಗಿಯೇ ಬೆಳೆದಳು.

1917ರಲ್ಲಿ ಬಿಹಾರದ ಚಂಪಾರಣ್ಯದಲ್ಲಿ ನೀಲಿ ಬೆಳೆಗಾರರ ಬವಣೆಯನ್ನು ನೀಗಿಸುವ ಕಾರ್ಯ ನಡೆದಾಗ, ಭೀತಿಹರ್ವಾ ಎಂಬ ಕುಗ್ರಾಮದ ಶಾಲೆಯಲ್ಲಿ ಅವರು ಸ್ವಯಂಸೇವಕಿಯಾಗಿ ನಿಂತರು. ಅಕ್ಷರ ಬಾರದ ತಾಯಿಗೆ ಶಾಲೆಯಲ್ಲೇನು ಕೆಲಸವೆಂದು ಕೇಳಬಹುದು. ಹೆಂಗಸರ ನಡುವೆ ಕುಳಿತು ಶುಚಿತ್ವವನ್ನು ತಿಳಿಯಹೇಳುವುದು ಅವರ ಪಾಲಿನ ಕಾಯಕವಾಗಿತ್ತು. ಸೀರೆಯನ್ನು ಒಗೆಯದಿರುವುದೇಕೆಂದು ವಿಚಾರಿಸಲು ಹೋದಾಗ ಒಬ್ಬ ಹೆಂಗಸು ಅವರನ್ನು ಗುಡಿಸಲೊಳಗೆ ಕರೆದೊಯ್ದು ತೋರಿಸಿದಳು. ಅಲ್ಲಿ ಪೆಟ್ಟಿಗೆಯಿರಲಿಲ್ಲ, ಬೇರೆ ಬಟ್ಟೆಯಿರಲಿಲ್ಲ; ಉಟ್ಟ ಸೀರೆಯೊಂದೇ ಅವಳ ಆಸ್ತಿ. ಉಪದೇಶ ಮಾಡಹೋದವರು ಪಾಠ ಕಲಿತು ಬಂದರು. ದುಷ್ಟರು ಆ ಶಾಲೆಯ ಗುಡಿಸಲನ್ನು ಸುಟ್ಟಾಗ ಇಟ್ಟಿಗೆಯ ಕಟ್ಟಡವೇ ಎದ್ದಿತು.

1918ರ ಇನ್‌ಫ್ಲುಯೆಂಜಾ ಮಾರಿಗೆ ಹಿರಿಯ ಸೊಸೆ ಚಂಚಲ ಬಲಿಯಾದರು. ರಾಮಿ, ಕಾಂತಿ, ರಸಿಕ, ಮನು ಎಂಬ ನಾಲ್ವರು ಮಕ್ಕಳು ತಬ್ಬಲಿಗಳಾದರು. ತಂದೆ ಹರಿಲಾಲರು ಮನೆಯಿಂದ ದೂರವಾಗಿದ್ದರು. ಐವತ್ತರ ಅಂಚಿನಲ್ಲಿದ್ದ ಅಜ್ಜಿ ಮತ್ತೆ ತಾಯಾದರು. ತನ್ನವರು, ಪರರೆಂಬ ಭೇದವೆಣಿಸಬಾರದೆಂಬುದು ಆಶ್ರಮದ ನಿಯಮ. ಅಜ್ಜಿಯ ಕರುಳು ನಿಯಮಾವಳಿಯನ್ನು ಓದಿ ಮಿಡಿಯುವುದುಂಟೆ? 1929ರಲ್ಲಿ ಹದಿನೇಳರ ರಸಿಕ ದೆಹಲಿಯಲ್ಲಿ ತೀರಿಕೊಂಡನು. ಆ ದುಃಖದೊಡನೆ ಹರಿಲಾಲರ ಚಿಂತೆಯೂ ಅವರನ್ನು ಬಿಡಲಿಲ್ಲ. ಒಮ್ಮೆ ಕಟ್ನಿ ರೈಲುನಿಲ್ದಾಣದಲ್ಲಿ ಬಡಕಲಾದ ಹರಿಲಾಲರು ಜನಸಂದಣಿಯನ್ನು ಸೀಳಿ ಬಂದು, ತಾಯಿಯ ಕೈಗೊಂದು ಕಿತ್ತಳೆಯ ಹಣ್ಣನ್ನಿತ್ತು, ನೀನೇ ತಿನ್ನಬೇಕೆಂದು ಮಾತು ಪಡೆದರು. ಮಗನಿಗೂ ಹಣ್ಣು ಕೊಡೋಣವೆಂದು ತಾಯಿ ಬುಟ್ಟಿಗೆ ಕೈಹಾಕುವಷ್ಟರಲ್ಲಿ ಗಾಡಿ ಹೊರಟಿತ್ತು. ರಾಷ್ಟ್ರವೇ ಬಾ ಎಂದು, ಅಂದರೆ ತಾಯಿ ಎಂದು, ಕರೆದವರ ಮಡಿಲಲ್ಲಿ ಈ ಬೆಂಕಿಯೂ ಇತ್ತು.

ಸ್ವಾತಂತ್ರ್ಯ ಸಂಗ್ರಾಮದಲ್ಲಿ ಹಲವು ಬಾರಿ ಸೆರೆವಾಸವಾಯಿತು. 1942ರ ಆಗಸ್ಟ್ 9ರಂದು ಪತಿಯ ಬಂಧನವಾದಾಗ, ಸಂಜೆ ಮುಂಬಯಿಯ ಶಿವಾಜಿ ಪಾರ್ಕಿನ ಸಭೆಯಲ್ಲಿ ತಾವೇ ಮಾತನಾಡಲು ಹೊರಟು ಬಂಧಿತರಾದರು. ಪುಣೆಯ ಆಗಾಖಾನ್ ಅರಮನೆಯ ಸೆರೆಯಲ್ಲಿ, ಎಪ್ಪತ್ತು ಮೀರಿದ ಮುಪ್ಪಿನಲ್ಲಿ, ಗಾಂಧೀಜಿಯವರ ಬಳಿ ಭೂಗೋಳದ ಪಾಠಕ್ಕೆ ಕುಳಿತರು. ಪ್ರಾಂತಗಳ, ರಾಜಧಾನಿಗಳ ಹೆಸರುಗಳು ತಲೆಕೆಳಗಾಗುತ್ತಿದ್ದವಂತೆ. ಅಧ್ಯಾಪಕರು ಇಂತಹ ವಿದ್ಯಾರ್ಥಿಯನ್ನು ನೆನೆದು ನಮಿಸಬೇಕು. 1944ರ ಫೆಬ್ರವರಿ 22, ಮಹಾಶಿವರಾತ್ರಿಯ ಪುಣ್ಯದಿನ, ಸೆರೆಯಲ್ಲಿಯೇ ಪತಿಯ ತೊಡೆಯ ಮೇಲೆ ಅವರು ಲಿಂಗೈಕ್ಯದಂತಹ ಶಾಂತಿಯನ್ನು ಪಡೆದರು. ಗಾಂಧೀಜಿಯವರು ನೂತ ನೂಲಿನ ಸೀರೆಯೇ ಕಡೆಯ ಉಡುಗೆಯಾಯಿತು.

ಅವರ ನೆನಪಿಗಾಗಿ 75 ಲಕ್ಷ ರೂಪಾಯಿಗಳ ನಿಧಿಯನ್ನು ಸಂಕಲ್ಪಿಸಲಾಯಿತು. ಸಂಗ್ರಹ ಕೋಟಿಯನ್ನು ಮೀರಿತು. ಹಳ್ಳಿಯ ಹೆಂಗಸರಿಗೂ ಮಕ್ಕಳಿಗೂ ಅದು ಮುಡಿಪು. ಈ ನಿಧಿಯ ಕರ್ನಾಟಕ ಶಾಖೆಯ ಹೊಣೆಯನ್ನು ಗಾಂಧೀಜಿಯವರು 1946ರಲ್ಲಿ ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರಿಗೆ ವಹಿಸಿದರು. ಬೆಳಗಾವಿ ಕಾಂಗ್ರೆಸ್ಸಿಗೆ ಸ್ವಯಂಸೇವಕಿಯರನ್ನು ಸಂಘಟಿಸಿದ್ದ ಆ ವಿಧವೆ, ಹಣದ ಕೊರತೆ ಬಿದ್ದಾಗ ಮನೆಮನೆಯ ಬಾಗಿಲಿಗೆ ಹೋಗಿ ಬೇಡಿ ತಂದು, ಗ್ರಾಮಸೇವಿಕೆಯರನ್ನು ತರಬೇತುಗೊಳಿಸುವ ಕಾರ್ಯವನ್ನು ನಡೆಸಿದರು.