ಮಗ್ಗದ ಕುಣಿಯೊಳಗಿನ ಮಹಿಮರು: ಶ್ರೀ ಜೇಡರ ದಾಸಿಮಾರ್ಯರು

ಗೋಗಿಗೆ ಬಂದ ಪರಸ್ಥಳದವರಿಗೆ ಊರವರು ತೋರಿಸುವುದು ಚಂದಾ ಹುಸೇನಿ ದರ್ಗೆಯನ್ನು, ಅಲ್ಲಿರುವ ಆದಿಲಶಾಹಿ ದೊರೆಗಳ ಗೋರಿಗಳನ್ನು. ವಿಜಾಪುರದ ರಾಜ್ಯವನ್ನು ಕಟ್ಟಿ 1510ರಲ್ಲಿ ಮಡಿದ ಯೂಸುಫ್ ಆದಿಲಶಾಹನು ಇಲ್ಲಿಯೇ ಮಲಗಿರುವನು. ಅವನಿಗಿಂತ ಸುಮಾರು ಐದು ಶತಮಾನಗಳ ಹಿಂದೆ ಇದೇ ಸಗರನಾಡಿನ ಮುದನೂರಿನಲ್ಲಿ, ನೆಲದ ಕುಣಿಯೊಳಗೆ ಕಾಲಿಳಿಯಬಿಟ್ಟು ಬಟ್ಟೆ ನೇಯುತ್ತಿದ್ದವರು ಶ್ರೀ ಜೇಡರ ದಾಸಿಮಾರ್ಯರು.

ಮೊದಲು ಅವರು ಅರಣ್ಯದಲ್ಲಿ ಉಗ್ರ ತಪಸ್ಸನ್ನಾಚರಿಸುತ್ತಿದ್ದರೆಂದೂ, ಪರಶಿವನು ದರ್ಶನವಿತ್ತು ದೇಹದಂಡನೆಯನ್ನು ಬಿಟ್ಟು ಜನರ ನಡುವೆ ಕಾಯಕದಿಂದ ಬಾಳೆಂದು ಅಪ್ಪಣೆ ಮಾಡಿದನೆಂದೂ ಐತಿಹ್ಯವುಂಟು. ಕಾಡಿನಲ್ಲಿರುವ ತಪಸ್ವಿಯನ್ನು ಲೋಕವು ಹುಡುಕಿಕೊಂಡು ಹೋಗುತ್ತದೆ. ನೆರೆಮನೆಯ ನೇಕಾರನನ್ನು ಯಾರು ತಿರುಗಿ ನೋಡುವರು? ದಿನವೂ ಲಾಳಿಯ ಸಪ್ಪಳವನ್ನು ಕೇಳಿದವರು, ಸೀರೆಯ ಬೆಲೆಗಾಗಿ ಚೌಕಾಶಿ ಮಾಡಿದವರು, ಆ ಕುಣಿಯೊಳಗೆ ಎಂತಹ ಅನುಭಾವವು ಕುಳಿತಿದೆಯೆಂಬುದನ್ನು ಅರಿತಿದ್ದರೋ ಇಲ್ಲವೋ! ಮರದಲ್ಲಿ ಅಗ್ನಿಯೂ ಹಾಲಿನಲ್ಲಿ ಘೃತವೂ ಅಡಗಿರುವಂತೆ ಆತ್ಮವು ಶರೀರದಲ್ಲಿ ಕಾಣದಂತಿರುವುದನ್ನು ಕಂಡು, ರಾಮನಾಥನ ಅಂಕಿತದ ಒಂದು ವಚನದಲ್ಲಿ ಅವರು ಬೆರಗುಪಟ್ಟಿರುವರು.

ಆ ಬೆರಗು ಬರಿಯ ಮಾತಿನದಲ್ಲವೆಂಬುದಕ್ಕೆ ಒಂದು ಪರೀಕ್ಷೆ ಬಂದಿತು. ಬಹು ಶ್ರಮದಿಂದ ನೇಯ್ದ ವಸ್ತ್ರವನ್ನು ಹೊತ್ತು ಬರುತ್ತಿರಲು, ಮುದಿ ಜಂಗಮನೊಬ್ಬನು ಎದುರಾಗಿ ಅದನ್ನು ಬೇಡಿದನು. ಕೊಟ್ಟೊಡನೆ ಕಣ್ಣೆದುರಿನಲ್ಲಿಯೇ ಪರಪರನೆ ಹರಿದನು. ಮನೆಯಲ್ಲಿ ಅಂದಿನ ಗಂಜಿಗೆ ಆಧಾರವಾದುದು ಆ ಬಟ್ಟೆಯೇ. ಹುಚ್ಚು ಮುದುಕನೆಂದು ಜರೆಯಲು ಯಾರಿಗಾದರೂ ನಾಲಗೆ ತುಡಿಯುತ್ತಿತ್ತು. ದಾಸಿಮಾರ್ಯರು ಕೋಪಿಸದೆ ಆತನನ್ನು ಮನೆಗೆ ಕರೆದು ಸತ್ಕರಿಸಿದರು. ಬಂದವನು ಸಾಕ್ಷಾತ್ ಶಿವನೆಂದೂ, ಎಂದಿಗೂ ಬರಿದಾಗದ ತವನಿಧಿಯನ್ನು ಕರುಣಿಸಿದನೆಂದೂ ಪುರಾಣಗಳು ಹೇಳುತ್ತವೆ.

ಆ ಮನೆಯೊಡತಿ ದುಗ್ಗಳೆಯನ್ನು ಬರಿಯ ಅಡಿಗೆಯವಳೆಂದು ತಿಳಿದೀರಿ! ನೀರು ಸೌದೆಗಳಿಲ್ಲದೆ ಪಾಯಸ ಮಾಡುವ ಕನ್ಯೆಯನ್ನು ದಾಸಿಮಾರ್ಯರು ಅರಸುತ್ತಿದ್ದಾಗ, ಕಬ್ಬಿನ ರಸದಲ್ಲಿ ಅಕ್ಕಿಯನ್ನು ಬೇಯಿಸಿ, ಅದರ ಸಿಪ್ಪೆಯನ್ನೇ ಉರುವಲು ಮಾಡಿದ ಜಾಣೆ ಆಕೆ. ಆಕೆಯೂ ವಚನಕಾರ್ತಿಯೇ, ಪತಿಯ ಹೆಸರನ್ನು ಕೂಡಿಸಿದ ಅಂಕಿತದಲ್ಲಿ ಆಕೆಯ ವಚನಗಳು ಉಳಿದುಬಂದಿವೆ.

ಚಾಲುಕ್ಯ ಜಯಸಿಂಹನ ರಾಣಿ ಸುಗ್ಗಲೆಗೆ ದೀಕ್ಷೆಯಿತ್ತವರು ಇವರೇ ಎಂದು ಪರಂಪರೆ. ದೇವರ ದಾಸಿಮಯ್ಯನೂ ಜೇಡರ ದಾಸಿಮಯ್ಯನೂ ಬೇರೆಬೇರೆಯೆಂಬ ಪಂಡಿತರು ಈ ಕಥೆಯನ್ನು ಮೊದಲನೆಯವರಿಗೆ ಸಲ್ಲಿಸುವರು. ಆ ವಾದವು ಪಂಡಿತರಿಗಿರಲಿ. ಒಂದು ಶತಮಾನ ಕಳೆದು ಬಂದ ಬಸವಣ್ಣನವರು ನೆನೆದುದು ರಾಣಿಯ ದೀಕ್ಷೆಯನ್ನಲ್ಲ, ದಾಸಯ್ಯನು ಜಂಗಮನಿಗೆ ಕೊಟ್ಟ ಆ ವಸ್ತ್ರವನ್ನು.