ಹವಳದ ದ್ವೀಪದಲ್ಲಿ ಬಾವಿ ತೋಡಿದ ಪಾದ್ರಿ

ನೈಋತ್ಯ ಪೆಸಿಫಿಕ್ ಸಾಗರದಲ್ಲಿ, ಇಂದಿನ ವನುವಾಟು ದೇಶಕ್ಕೆ ಸೇರಿದ ಅನಿವಾ ಎಂಬ ಪುಟ್ಟ ದ್ವೀಪವಿದೆ. ಹವಳದ ಬಂಡೆಯ ಮೇಲೆ ನಿಂತ ಈ ನೆಲದಲ್ಲಿ ಹೊಳೆಯಿಲ್ಲ, ತೊರೆಯಿಲ್ಲ, ಮೋಡವನ್ನು ತಡೆಯುವ ಬೆಟ್ಟವೂ ಇಲ್ಲ. 19ನೇ ಶತಮಾನದಲ್ಲಿ ಇಲ್ಲಿನ ಜನರು ಎಳನೀರು, ಕಬ್ಬುಗಳಿಂದಲೇ ಬಾಯಾರಿಕೆ ತಣಿಸಿಕೊಳ್ಳುತ್ತಿದ್ದರು. ಅಂಥ ಕಡೆ ನೆಲ ಅಗೆದು ನೀರು ತೆಗೆಯುತ್ತೇನೆಂದು ಹೊರಟ ಪಾದ್ರಿ ಜಾನ್ ಗಿಬ್ಸನ್ ಪೇಟನ್ ಅವರಿಗೆ ಬುದ್ಧಿ ಕೆಟ್ಟಿದೆಯೆಂದು ಊರವರು ಮರುಗಿದ್ದರಲ್ಲಿ ಆಶ್ಚರ್ಯವಿಲ್ಲ.

ಪೇಟನ್ ಜನಿಸಿದ್ದು 1824ರ ಮೇ 24ರಂದು, ಸ್ಕಾಟ್ಲೆಂಡಿನ ಡಂಫ್ರೀಸ್ ಸಮೀಪದಲ್ಲಿ. ತಂದೆ ಕಾಲುಚೀಲ ನೇಯುತ್ತಿದ್ದ ಬಡ ಕುಶಲಕರ್ಮಿ. ಗ್ಲಾಸ್ಗೋ ನಗರದ ಬಡವರ ಕೇರಿಗಳಲ್ಲಿ ಹತ್ತು ವರ್ಷ ಧರ್ಮಸೇವೆ ಮಾಡಿದ ಪೇಟನ್, 1858ರಲ್ಲಿ ಪತ್ನಿ ಮೇರಿ ಆ್ಯನ್ ಅವರೊಂದಿಗೆ ಹಡಗೇರಿದರು. ಆಗ ನ್ಯೂ ಹೆಬ್ರಿಡೀಸ್ ಎನಿಸಿಕೊಂಡಿದ್ದ ಈ ದ್ವೀಪಸಮೂಹದ ಎರೋಮಾಂಗಾದಲ್ಲಿ 1839ರಲ್ಲಿ ಇಬ್ಬರು ಮಿಷನರಿಗಳು ಹತರಾಗಿದ್ದ ಸಂಗತಿ ಅವರಿಗೆ ತಿಳಿಯದ್ದೇನಲ್ಲ.

ಅದೇ ವರ್ಷ ನವೆಂಬರ್ 5ರಂದು ದಂಪತಿ ಜ್ವಾಲಾಮುಖಿಯ ದ್ವೀಪ ಟಾನಾಕ್ಕೆ ಬಂದಿಳಿದರು. ಮನೆ ಕಟ್ಟಿದ್ದು ಕಡಲಂಚಿನ ತಗ್ಗಿನಲ್ಲಿ. ಚಳಿಜ್ವರದ ತವರು ಅದೆಂದು ಹೊಸಬರಿಗೆ ಗೊತ್ತಾಗಲಿಲ್ಲ. 1859ರ ಫೆಬ್ರವರಿ 12ರಂದು ಗಂಡು ಮಗು ಜನಿಸಿತು. ಮಾರ್ಚ್ 3ರಂದು ಬಾಣಂತಿ ತೀರಿಕೊಂಡರು. ಅದೇ ತಿಂಗಳ 20ರಂದು ಮಗುವೂ ಇಲ್ಲವಾಯಿತು. ಮನೆಯ ಪಕ್ಕದಲ್ಲೇ ಪೇಟನ್ ತಮ್ಮ ಕೈಯಾರೆ ಸಮಾಧಿ ತೋಡಿ, ಸುತ್ತ ಹವಳದ ಕಲ್ಲು ಕಟ್ಟಿ, ಮೇಲೆ ಬಿಳಿಯ ಹವಳದ ಹರಳು ಹಾಸಿದರು. ಜ್ವರ ಅವರನ್ನೂ ಹದಿನಾಲ್ಕು ಬಾರಿ ಕಾಡಿತು. ತಗ್ಗಿನಲ್ಲಿ ಮಲಗಿದರೆ ಸಾವು ಖಚಿತ, ಗಾಳಿಯಾಡುವ ದಿಬ್ಬಕ್ಕೆ ಹೋಗು ಎಂದು ಬುದ್ಧಿ ಹೇಳಿದವರು ಊರಿನ ವೃದ್ಧ ನಾಯಕರೊಬ್ಬರು. ಎದ್ದು ನಿಲ್ಲಲಾಗದ ಪಾದ್ರಿಯನ್ನು ಮೇಲಕ್ಕೆ ಸಾಗಿಸಿದವರು ನೆರೆಯ ಅನೈಟ್ಯುಂ ದ್ವೀಪದಿಂದ ಬಂದಿದ್ದ ಬೋಧಕ ಅಬ್ರಹಾಂ ಮತ್ತು ಅವರ ಪತ್ನಿ. ಕಲಿಸಲು ಬಂದವರು ಮೊದಲು ಕಲಿಯಬೇಕಾಯಿತು.

1861ರಲ್ಲಿ ವ್ಯಾಪಾರಿ ಹಡಗುಗಳ ಮೂಲಕ ದಡಾರ ಹರಡಿ ಅಸಂಖ್ಯ ಜನ ಸತ್ತರು. ಈ ಸಾವುಗಳಿಗೆ ಹೊಸ ದೇವರೇ ಕಾರಣವೆಂದು ಟಾನಾದವರು ಬಗೆದರು. 1862ರ ಆರಂಭದಲ್ಲಿ, ನೋವಾರ್ ಎಂಬ ನಾಯಕನ ಸೂಚನೆಯಂತೆ ಒಂದು ರಾತ್ರಿ ಮರದ ಮೇಲೆ ಅಡಗಿ ಕುಳಿತು ಜೀವ ಉಳಿಸಿಕೊಂಡ ಪೇಟನ್ ದ್ವೀಪವನ್ನೇ ತೊರೆದರು. ಮೂರು ವರ್ಷಗಳ ಬಳಿಕ, 1865ರಲ್ಲಿ, ಬ್ರಿಟಿಷ್ ಯುದ್ಧನೌಕೆಯೊಂದು ಟಾನಾ ಮೇಲೆ ಗುಂಡಿನ ಮಳೆಗರೆದಾಗ ಪೇಟನ್ ದುಭಾಷಿಯಾಗಿ ಅದರಲ್ಲಿದ್ದರು. ಸಹ ಮಿಷನರಿಗಳೇ ಇದನ್ನು ಖಂಡಿಸಿದರು. ಅವರ ಬದುಕಿನ ಈ ಕಲೆಯನ್ನು ಅಭಿಮಾನಿಗಳು ಬರೆದ ಎಷ್ಟೋ ಚರಿತ್ರೆಗಳು ಹಗುರವಾಗಿ ದಾಟಿಬಿಡುತ್ತವೆ.

1864ರಲ್ಲಿ ಮಾರ್ಗರೆಟ್ ವೈಟ್‌ಕ್ರಾಸ್ ಅವರನ್ನು ವರಿಸಿದ್ದ ಪೇಟನ್, 1866ರ ನವೆಂಬರಿನಲ್ಲಿ ಅನಿವಾಕ್ಕೆ ಬಂದರು. ಟಾನಾದಲ್ಲಿ ಕಲಿತ ಭಾಷೆ ಇಲ್ಲಿ ಕೆಲವರಿಗಷ್ಟೇ ಅರ್ಥವಾಗುತ್ತಿತ್ತು. ಮತ್ತೆ ಮೊದಲಿನಿಂದ ಆರಂಭ. ಹವಳ ಸುಟ್ಟು ಸುಣ್ಣ ಮಾಡುವುದು, ಮನೆ ಕಟ್ಟುವುದು, ಮದ್ದಿಗಾಗಿ ಬಂದವರನ್ನು ನೋಡುವುದು, ಕೇಳಿದ ಪ್ರತಿ ಮಾತನ್ನೂ ಬರೆದಿಟ್ಟುಕೊಳ್ಳುವುದು, ಹೀಗೆ ದಿನಗಳು ಸಾಗುತ್ತಿದ್ದವು. ಮಾರ್ಗರೆಟ್ ಹೆಂಗಸರಿಗೆ ಹೊಲಿಗೆ ಕಲಿಸಿದರು. ಒಮ್ಮೆ ಕೆಲಸದ ನಡುವೆ ಮೊಳೆ ಬೇಕಾಗಿ ಪೇಟನ್ ಮರದ ಚಕ್ಕೆಯೊಂದರ ಮೇಲೆ ಬರೆದು ನಾಯಕ ನಮಾಕೆಯ ಕೈಯಲ್ಲಿ ಪತ್ನಿಗೆ ಕಳುಹಿಸಿದರು. ಚಕ್ಕೆ ಬಾಯಿಲ್ಲದೆ ಮಾತಾಡಿದ್ದು ಕಂಡು ಆ ಮುದುಕ ಬೆರಗಾದ. ಓದು ಕಲಿಯುವ ಹಟ ಅವನಿಗೆ ಹತ್ತಿದ್ದು ಆಗಲೇ.

ಬಾವಿಯ ವಿಷಯದಲ್ಲಿ ಮಾತ್ರ ನಮಾಕೆ ಒಪ್ಪಲಿಲ್ಲ. ಮಳೆ ಬರುವುದು ಮೇಲಿನಿಂದ, ಕೆಳಗಿನಿಂದಲ್ಲ ಎಂಬುದು ಅವನ ವಾದ. ಪಾದ್ರಿ ಜೀವ ಕಳೆದುಕೊಂಡಾರೆಂದು ಕಾವಲಿಗೂ ಜನರನ್ನಿಟ್ಟ. ಪೇಟನ್ ಮೀನಿನ ಗಾಳಗಳನ್ನು ಕೂಲಿಯಾಗಿ ಕೊಟ್ಟು ಕೆಲಸಗಾರರನ್ನು ಕೂಡಿಸಿದರು. ಹನ್ನೆರಡು ಅಡಿ ಇಳಿದಾಗ ಒಂದು ರಾತ್ರಿ ಬದಿ ಕುಸಿಯಿತು. ಅನಂತರ ಹೊಂಡಕ್ಕಿಳಿಯಲು ಒಬ್ಬನೂ ಸಿದ್ಧನಿರಲಿಲ್ಲ. ಪೇಟನ್ ಒಬ್ಬರೇ ಕೆಳಗೆ ಅಗೆದರು. ಉಳಿದವರು ಮೇಲೆ ನಿಂತು ರಾಟೆಯಿಂದ ಮಣ್ಣಿನ ಬಕೆಟ್ ಎಳೆದರು. ಮೂವತ್ತು ಅಡಿಯಲ್ಲಿ ಮಣ್ಣು ಒದ್ದೆಯಾಯಿತು. ಉಪ್ಪುನೀರು ಬಂದರೆ ಎಲ್ಲ ಶ್ರಮ ವ್ಯರ್ಥ. ಬಂದದ್ದು ಸಿಹಿನೀರು. ನಮಾಕೆ ಪಾತ್ರೆಯನ್ನು ಅಲುಗಾಡಿಸಿ, ಬೆರಳಿಟ್ಟು, ಬಾಯಿಗೆ ಹಾಕಿಕೊಂಡು ಮುಕ್ಕಳಿಸಿ, ಆಮೇಲೆ ನುಂಗಿದ. ಬಾವಿಗೆ ಬಿದ್ದೇವೆಂಬ ಭಯದಿಂದ ಜನರು ಒಬ್ಬರ ಕೈ ಒಬ್ಬರು ಹಿಡಿದು ಸಾಲಾಗಿ ನಿಂತು ಇಣುಕಿದರು. ಬಳಿಕ ಹವಳದ ಕಲ್ಲು ಹೊತ್ತು ತಂದು ಒಳಗೋಡೆ ಕಟ್ಟಲು ನೆರವಾದವರೂ ಅವರೇ.

ಮುಂದಿನ ಭಾನುವಾರ ನಮಾಕೆಯೇ ಉಪದೇಶ ಮಾಡಿದ. ಮನೆ ಮನೆಯ ದೇವರ ವಿಗ್ರಹಗಳು ಪೇಟನ್ ಮನೆಯ ಮುಂದೆ ರಾಶಿ ಬಿದ್ದವು. ಇವೆಲ್ಲ ನಮಗೆ ತಿಳಿದಿರುವುದು ಮುಖ್ಯವಾಗಿ 1889ರಲ್ಲಿ ಪ್ರಕಟವಾಗತೊಡಗಿದ ಪೇಟನ್ ಆತ್ಮಚರಿತ್ರೆಯಿಂದ. ನಮಾಕೆ ತನ್ನ ಕಥೆಯನ್ನು ಬರೆದಿಡಲಿಲ್ಲ. ಬಾವಿಯ ನೀರು ಕಡಲಿನ ಭರತ ಇಳಿತದೊಂದಿಗೆ ಏರಿಳಿಯುತ್ತಿತ್ತು. ಅದನ್ನು ನೋಡಿ ದ್ವೀಪದವರು ಬೇರೆಡೆಗಳಲ್ಲಿ ತೋಡಿದ ಬಾವಿಗಳಲ್ಲಿ ಬಂಡೆ ಸಿಕ್ಕಿತು, ಇಲ್ಲವೇ ಉಪ್ಪುನೀರು.

1869ರ ಅಕ್ಟೋಬರಿನಲ್ಲಿ ಅನಿವಾದಲ್ಲಿ ಮೊದಲ ಪ್ರಭುಭೋಜನ ನಡೆಯಿತು. ಪುಸ್ತಕ ಮುದ್ರಣದ ವೆಚ್ಚಕ್ಕೆ ದ್ವೀಪದವರು ಕೂವೆ ಬೆಳೆದು, ಹಿಟ್ಟು ಮಾಡಿ ಹೊರದೇಶಕ್ಕೆ ಕಳುಹಿಸಿದರು. ನಂತರದ ವರ್ಷಗಳಲ್ಲಿ ಪೇಟನ್ ಮೆಲ್ಬರ್ನ್ ನಗರವನ್ನು ನೆಲೆಯಾಗಿಸಿಕೊಂಡು, ದ್ವೀಪದ ಯುವಕರನ್ನು ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ತೋಟಗಳಿಗೆ ಸಾಗಿಸುತ್ತಿದ್ದ ಕೂಲಿ ವ್ಯಾಪಾರದ ವಿರುದ್ಧ ದನಿಯೆತ್ತಿದರು. ಅವರು ನಿಧನರಾದದ್ದು 1907ರ ಜನವರಿ 28ರಂದು. ಮಗ ಫ್ರ್ಯಾಂಕ್ ಅದಕ್ಕೆ ಹತ್ತು ವರ್ಷ ಮೊದಲೇ, 1896ರಲ್ಲಿ, ಮಿಷನರಿಯಾಗಿ ಟಾನಾಕ್ಕೆ ತೆರಳಿದ್ದರು.