ಸಿಂಧೂರ ಲಕ್ಷ್ಮಣನೂ ಅವನ ಪ್ರೇಕ್ಷಕರೂ

ಅಪರಾತ್ರಿಯಲ್ಲಿ ಪರರ ಮನೆಯ ಕದ ಒಡೆದು ಒಳನುಗ್ಗುವವನನ್ನು ಲೋಕವೆಲ್ಲ ಕಳ್ಳನೆಂದೇ ಕರೆಯುತ್ತದೆ. ಆದರೆ ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಜನರು ತಂತಮ್ಮ ಮನೆಗಳಿಗೆ ಭದ್ರವಾಗಿ ಕೀಲಿ ಜಡಿದು, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಜಾತ್ರೆಯ ನಾಟಕಕ್ಕೆ ಬಂದು, ರಂಗದ ಮೇಲೆ ಒಬ್ಬ ತರುಣನು ಸಾಹುಕಾರನ ಬಾಗಿಲನ್ನು ಒದ್ದು ತೆರೆದೊಡನೆ ಸೀಟಿ ಹೊಡೆದು ಹರ್ಷಿಸುತ್ತಾರೆ. ಆ ತರುಣನೇ ಸಿಂಧೂರ ಲಕ್ಷ್ಮಣ. ಅವನು ಬಾಳಿದ್ದು ಇಪ್ಪತ್ತನಾಲ್ಕು ವರ್ಷ; ರಂಗದ ಮೇಲೆ ಅವನು ಬಾಳುತ್ತಿರುವುದು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಈ ಹರ್ಷದ ಬೇರು ಎಲ್ಲಿದೆಯೆಂದು ನಾನು ಬಹುಕಾಲದಿಂದ ಯೋಚಿಸುತ್ತ ಬಂದಿದ್ದೇನೆ. ಅವನ ಚರಿತ್ರೆಯನ್ನು ಹೇಳಹೊರಟರೆ ಅವನ ಪ್ರೇಕ್ಷಕರನ್ನು ಬಿಟ್ಟು ಹೇಳಲು ಬರುವುದಿಲ್ಲ.

ಲಕ್ಷ್ಮಣನು ಹುಟ್ಟಿದ್ದು 1898ರಲ್ಲಿ, ಜತ್ತ ಸಂಸ್ಥಾನದ ಸಿಂಧೂರ ಎಂಬ ಕನ್ನಡ ಹಳ್ಳಿಯ ಬೇಡರ ಮನೆತನದಲ್ಲಿ. ಡಫಳೆ ಮನೆತನದವರು ಆಳುತ್ತಿದ್ದ ಜತ್ತ ಅಂದು ವಿಜಾಪುರ ಏಜೆನ್ಸಿಗೆ ಸೇರಿದ ಪುಟ್ಟ ಸಂಸ್ಥಾನ. ನಮ್ಮ ಇಂಡಿಯ ಪಡುವಣ ಹೊಲಗಳು ಮುಗಿಯುವಲ್ಲಿ ಅದರ ಹೊಲಗಳು ಮೊದಲಾಗುತ್ತಿದ್ದವು. ಅದೇ ಎರೆಮಣ್ಣು, ಅದೇ ಬಿಳಿಜೋಳ, ಅದೇ ಮಾತು. 1948ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ಪುನರ್ವಿಂಗಡಣೆಯಲ್ಲಿ ವಿಜಾಪುರವು ಮೈಸೂರು ರಾಜ್ಯಕ್ಕೆ ಬಂದಾಗ ಜತ್ತ ಅತ್ತಲೇ ಉಳಿಯಿತು. ಹೀಗಾಗಿ ನಾಯಕನ ಊರು ಮಹಾರಾಷ್ಟ್ರದಲ್ಲಿದೆ, ಅವನಿಗಾಗಿ ಕಣ್ಣೀರಿಡುವ ಊರುಗಳು ಕರ್ನಾಟಕದಲ್ಲಿವೆ.

ಬೇಡರ ಕೈಯಿಂದ ಆಯುಧವನ್ನು ಕಸಿದ ಕಥೆ ಲಕ್ಷ್ಮಣನಿಗಿಂತ ಹಳೆಯದು. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯಿದೆ ಬಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪದೆ ದಂಗೆಯೆದ್ದರು, ಊರು ಸುಟ್ಟಿತು, ಹಲವರು ಗಲ್ಲಿಗೇರಿದರು. ಆ ಲಾವಣಿಯನ್ನು ಕೇಳಿ ಬೆಳೆದ ನಾಡಿನಲ್ಲಿ ಮುಂದೆ ಹುಟ್ಟಿದವನು ಲಕ್ಷ್ಮಣ. ಅಷ್ಟರಲ್ಲಿ ಇನ್ನೊಂದು ಕಾಯಿದೆಯೂ ಬಂದಿತ್ತು. 1871ರ ಆ ಕಾಯಿದೆಯು ಕೆಲವು ಕುಲಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದಿಟ್ಟಿತು. ವಿಜಾಪುರದಲ್ಲಿಯೂ ಅಂಥವರಿಗಾಗಿ ಒಂದು ವಸಾಹತು ಇತ್ತು. ಸ್ವಾತಂತ್ರ್ಯಾನಂತರ, 1952ರಲ್ಲಿ ಆ ಕಾಯಿದೆ ರದ್ದಾಯಿತು. ಲಕ್ಷ್ಮಣನ ಹರೆಯದ ವರ್ಷಗಳೋ ಮಳೆ ಕೈಕೊಟ್ಟ ವರ್ಷಗಳು. 1918ರಲ್ಲಿ ಬರವೂ ಇನ್‌ಫ್ಲುಯೆಂಜಾ ಬೇನೆಯೂ ಒಟ್ಟಿಗೆ ಬಂದು ಈ ಸೀಮೆಯ ಮನೆಮನೆಯನ್ನು ಬರಿದು ಮಾಡಿದವು. ಬರಗಾಲದಲ್ಲಿ ಒಕ್ಕಲಿಗನ ಹಗೇವು ಬರಿದಾದಷ್ಟೂ ಸಾಲ ಕೊಡುವವನ ಪೆಟ್ಟಿಗೆಯಲ್ಲಿ ಕಾಗದ ತುಂಬುತ್ತದೆ. ನಾಟಕದ ಸಾಹುಕಾರ ಹುಟ್ಟುವುದು ಇಲ್ಲಿ.

ಲಕ್ಷ್ಮಣನ ಜೀವನದ ಮುಂದಿನ ಭಾಗ ನಮಗೆ ಬಂದಿರುವುದು ಹೆಚ್ಚಾಗಿ ಲಾವಣಿಯಿಂದ, ಕಂಪನಿ ನಾಟಕದಿಂದ, ಹಿರಿಯರ ಬಾಯಿಂದ. ಅವು ಹೇಳುವ ಕಥೆ ಇಷ್ಟು: ಅಕ್ಕನ ಮಕ್ಕಳಾದ ನರಸ, ಸಾಬು, ಗೋಪಾಲಿಯರು ಅವನ ಒಡನಾಡಿಗಳು. ಅಧಿಕಾರಿಗಳ ಕಿರುಕುಳಕ್ಕೆ ಸಿಕ್ಕಿ ಜತ್ತದ ಸೆರೆಮನೆ ಸೇರಿದ ಇವರು ಅಲ್ಲಿಂದ ತಪ್ಪಿಸಿಕೊಂಡು ಗುಡ್ಡ ಹಿಡಿದರು. ಸರಕಾರದ ಹಣವನ್ನೂ ಬಡ್ಡಿ ವ್ಯಾಪಾರಿಗಳ ಮನೆಗಳನ್ನೂ ದೋಚಿದರು, ಸಾಲಪತ್ರಗಳನ್ನು ಸುಟ್ಟರು, ದೋಚಿದ್ದನ್ನು ಬಡವರಿಗೆ ಹಂಚಿದರು. ಜತ್ತ, ಜಮಖಂಡಿ, ಮುಧೋಳಗಳಂಥ ಸಂಸ್ಥಾನಗಳೂ ಬ್ರಿಟಿಷರ ನೇರ ಆಳಿಕೆಯ ತಾಲೂಕುಗಳೂ ಚದುರಂಗದ ಮನೆಗಳಂತೆ ಹೆಣೆದುಕೊಂಡಿದ್ದ ಸೀಮೆ ಇದು. ಒಂದು ಗಡಿಯ ಪೋಲೀಸರಿಗೆ ಇನ್ನೊಂದು ಗಡಿಯಲ್ಲಿ ಅಧಿಕಾರವಿಲ್ಲ. ದಾರಿ ಬಲ್ಲವನಿಗೆ ಒಂದು ಇರುಳಿನಲ್ಲಿ ಎರಡು ರಾಜ್ಯ ದಾಟುವುದು ಕಷ್ಟವಾಗಿರಲಿಲ್ಲ.

ಇಲ್ಲೊಂದು ಮಾತು ನೆನಪಾಗುತ್ತದೆ. 1860ರ ದಂಡಸಂಹಿತೆಯ ಪ್ರಕಾರ ಐವರು ಅಥವಾ ಅದಕ್ಕಿಂತ ಹೆಚ್ಚು ಜನ ಕೂಡಿ ಮಾಡಿದ ಸುಲಿಗೆಗೆ ಮಾತ್ರ ದರೋಡೆಯೆಂಬ ಹೆಸರು. ನಾಟಕದಲ್ಲಿ ಬರುವವರು ಮಾವ ಒಬ್ಬ, ಅಳಿಯಂದಿರು ಮೂವರು, ಒಟ್ಟು ನಾಲ್ವರು. ಕಾಯಿದೆಯ ಅಕ್ಷರಕ್ಕೆ ಅಂಟಿಕೊಂಡರೆ ನಮ್ಮ ರಂಗದ ದರೋಡೆಕೋರನು ದರೋಡೆಕೋರನೇ ಅಲ್ಲ! ಈ ಲೆಕ್ಕವನ್ನು ನಾನು ವಕೀಲ ಮಿತ್ರರೊಬ್ಬರ ಮುಂದಿಟ್ಟಾಗ ಅವರು ನಕ್ಕು, ಲಾವಣಿಕಾರನು ಹೊರಗೆ ಕಾವಲು ನಿಂತವರನ್ನು ಎಣಿಸಿರಲಾರನೆಂದರು.

ಇರಲಿ. ಈ ಜೀವನವು ಚಲಚ್ಚಿತ್ರವಾದದ್ದು 1977ರಲ್ಲಿ. ಹುಣಸೂರು ಕೃಷ್ಣಮೂರ್ತಿಯವರು ಅದರ ನಿರ್ದೇಶಕರು. ಅದೇ ವರ್ಷ ಅವರ 'ಬಭ್ರುವಾಹನ'ವೂ ತೆರೆ ಕಂಡಿತು. ರಂಗಭೂಮಿಯ ನಾಡಿ ಬಲ್ಲ ಅವರು 'ವೀರ ಸಿಂಧೂರ ಲಕ್ಷ್ಮಣ'ನನ್ನೂ ಪುರಾಣದ ವೀರನನ್ನು ನಿಲ್ಲಿಸುವ ಎತ್ತರದಲ್ಲಿಯೇ ನಿಲ್ಲಿಸಿದರು. ನಾನು ಆಗ ವಿದ್ಯಾರ್ಥಿ. ಟೂರಿಂಗ್ ಟಾಕೀಸಿನಲ್ಲಿ ನೆಲದ ಮೇಲೆ ಕುಳಿತು ನೋಡಿದೆ. ಮರುದಿನ ಊರಿನ ಕಟ್ಟೆಯ ಮೇಲೆ ನಡೆದ ಚರ್ಚೆಯು ನನಗೆ ಚಿತ್ರಕ್ಕಿಂತ ಹೆಚ್ಚು ಸ್ವಾರಸ್ಯವಾಗಿ ಕಂಡಿತು. ರೈತರ ಪಾಲಿಗೆ ಲಕ್ಷ್ಮಣನು ನ್ಯಾಯವಂತ. ಕೋರ್ಟಿಗೆ ಹೋಗಲಾರದವರಿಗೆ ಕೋರ್ಟೇ ಮನೆಗೆ ಬಂದಂತೆ ಅವನು ಬಂದನೆಂದು ಅವರ ಭಾವನೆ. ವಯಸ್ಸಾದ ಶಿಕ್ಷಕರೊಬ್ಬರು ಅವನನ್ನು ಸ್ವಾತಂತ್ರ್ಯ ಯೋಧರ ಸಾಲಿನಲ್ಲಿ ಸಂಗೊಳ್ಳಿ ರಾಯಣ್ಣನ ಪಕ್ಕಕ್ಕೆ ಕೂಡಿಸಿದರು. ಕಿರಾಣಿ ಅಂಗಡಿಯ ಹಿರಿಯರೊಬ್ಬರು ಮಾತ್ರ ಸುಮ್ಮನಿದ್ದರು. ಬಹಳ ಒತ್ತಾಯಿಸಿದ ಮೇಲೆ, ತಮ್ಮ ಅಜ್ಜಿ ಹೊಸ ಮದುಮಗಳಾಗಿದ್ದ ಕಾಲದಲ್ಲಿ ಕಳ್ಳರ ಭಯಕ್ಕೆ ಮೂಗುತಿಯನ್ನೂ ತೆಗೆದು ಜೋಳದ ಹಗೇವಿನಲ್ಲಿ ಹೂತಿಟ್ಟು ಮಲಗುತ್ತಿದ್ದರೆಂದು ತಿಳಿಸಿ, ಆ ಅಜ್ಜಿ ಈ ಸಿನೆಮಾ ನೋಡಿದ್ದರೆ ಯಾವ ಕಡೆಗೆ ಕುಳಿತುಕೊಳ್ಳುತ್ತಿದ್ದರೋ ಎಂದು ಕೇಳಿದರು. ಕಟ್ಟೆ ಒಂದು ಗಳಿಗೆ ಮೌನವಾಯಿತು.

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಸಿನೆಮಾದ ಇತಿಹಾಸದತ್ತ ಹೋದೆ. ಮನೆಗೆ ನುಗ್ಗುವ ಕಳ್ಳರ ಕಥೆಯು ಚಲಚ್ಚಿತ್ರ ಕಲೆಯಷ್ಟೇ ಹಳೆಯದೆಂದರೆ ತಪ್ಪಾಗಲಾರದು. ಅಮೆರಿಕದ ಡಿ. ಡಬ್ಲ್ಯೂ. ಗ್ರಿಫಿತ್ 1909ರಲ್ಲಿ 'ದಿ ಲೋನ್ಲಿ ವಿಲ್ಲಾ' ಎಂಬ ಕಿರುಚಿತ್ರ ತೆಗೆದ. ಯಜಮಾನ ಊರಲ್ಲಿಲ್ಲ, ತಾಯಿಯೂ ಹೆಣ್ಣುಮಕ್ಕಳೂ ಒಳಗೆ, ಕಳ್ಳರು ಒಂದೊಂದೇ ಬಾಗಿಲು ಮುರಿಯುತ್ತಿದ್ದಾರೆ, ದೂರದಲ್ಲಿ ಯಜಮಾನನು ಟೆಲಿಫೋನಿನಲ್ಲಿ ಇದನ್ನು ತಿಳಿದು ಓಡಿ ಬರುತ್ತಿದ್ದಾನೆ. ಒಳಗು, ಹೊರಗು, ದಾರಿ, ಈ ಮೂರನ್ನು ಚಕಚಕನೆ ಬದಲಿಸುತ್ತ ಗ್ರಿಫಿತ್ ಪ್ರೇಕ್ಷಕನ ಉಸಿರನ್ನು ಹಿಡಿದು ನಿಲ್ಲಿಸಿದ. ಅಲ್ಲಿ ಪ್ರೇಕ್ಷಕನ ಪೀಠವಿರುವುದು ಬಾಗಿಲ ಒಳಗೆ, ಹೆಂಗಸರ ಪಕ್ಕದಲ್ಲಿ. ನಮ್ಮಲ್ಲಿ 2012ರಲ್ಲಿ ಬಂದ 'ದಂಡುಪಾಳ್ಯ'ವನ್ನು ನೋಡಿದವರೂ ಮನೆಗೆ ಮರಳಿದ ಮೇಲೆ ಅಗುಳಿಯನ್ನು ಎರಡು ಸಲ ಪರೀಕ್ಷಿಸಿದರು. ಲಕ್ಷ್ಮಣನ ನಾಟಕದಲ್ಲಿ ಪ್ರೇಕ್ಷಕನ ಪೀಠ ಬಾಗಿಲ ಹೊರಗಿದೆ. ಒಳಗೆ ಇರುವುದು ಮನೆಯಲ್ಲ, ಬಡ್ಡಿಯ ಕಾಗದಗಳ ಪೆಟ್ಟಿಗೆ. ಅಲ್ಲಿ ಮಲಗಿದ ಕೂಸು, ಮೂಗುತಿ ಹೂತಿಟ್ಟ ಸೊಸೆ ರಂಗದ ಮೇಲೆ ಬರುವುದೇ ಇಲ್ಲ. ಬಂದರೂ ಲಕ್ಷ್ಮಣನು ಅವರನ್ನು ಅಕ್ಕತಂಗಿಯರೆಂದು ಕರೆದು, ತಾಳಿಯನ್ನು ಮುಟ್ಟದೆ ಹೊರಡುತ್ತಾನೆ. ನಾಟಕಕಾರನಿಗೆ ತನ್ನ ಪ್ರೇಕ್ಷಕರಲ್ಲಿ ಅರ್ಧದಷ್ಟು ಹೆಂಗಸರೆಂಬುದು ಚೆನ್ನಾಗಿ ಗೊತ್ತು.

ಇದು ನಾಟಕದ ದೋಷವೆಂದು ನನಗೆ ತೋರುತ್ತದೆ. ಆದರೆ ಪೂರ್ತಿ ಸುಳ್ಳೆನ್ನಲೂ ಮನಸ್ಸಾಗುವುದಿಲ್ಲ. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆಯಲ್ಲಿ ಮೊದಲಾಗಿ ಅಹಮದನಗರದವರೆಗೆ ಹರಡಿದ ರೈತರ ದಂಗೆಯಲ್ಲಿ ಜನರು ಸಾಹುಕಾರರ ಮನೆಗೆ ನುಗ್ಗಿದ್ದು ಸಾಲಪತ್ರಗಳಿಗಾಗಿ. ಅವನ್ನು ಸುಟ್ಟ ಮೇಲೆ ಎಷ್ಟೋ ಕಡೆ ಬೇರೆ ಹಿಂಸೆಗೆ ಇಳಿಯಲಿಲ್ಲ. ನಾಟಕದ ಲಕ್ಷ್ಮಣನು ಕಾಗದ ಸುಡುವಾಗ ಈ ನಾಡಿನ ಹಳೆಯ ನೆನಪೊಂದು ಅವನ ಕೈಯಲ್ಲಿ ಉರಿಯುತ್ತದೆ.

ಕಳ್ಳನ ವಿಷಯದಲ್ಲಿ ನಮ್ಮ ಜನರ ಮನಸ್ಸು ವಿಚಿತ್ರವಾದದ್ದೆನ್ನುವುದಕ್ಕೆ ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಮಹಾಪುರುಷನ ಕಥೆಯೇ ಸಾಕ್ಷಿ. ಬಸವಣ್ಣನವರ ಮನೆಗೆ ಕಳ್ಳನೊಬ್ಬ ನುಗ್ಗಿ ಹೆಂಡತಿಯ ಕಿವಿಯ ಓಲೆಗೆ ಕೈಹಾಕಿದನಂತೆ. ಎಚ್ಚತ್ತ ಯಜಮಾನರು ಕಳ್ಳನ ಕೈ ನೊಂದೀತೆಂದು ಮರುಗಿ, ಓಲೆಯನ್ನು ತಾನೇ ಬಿಚ್ಚಿ ಕೊಡುವಂತೆ ಹೆಂಡತಿಗೆ ಹೇಳಿದರಂತೆ. ಶ್ರಾವಣದ ಜಾತ್ರೆಯಲ್ಲಿ ಹಗಲು ಈ ಕಥೆಯನ್ನು ಪ್ರವಚನದಲ್ಲಿ ಕೇಳಿದವರೇ ಇರುಳು ಲಕ್ಷ್ಮಣನ ನಾಟಕಕ್ಕೆ ಹೋಗುತ್ತಾರೆ. ಎರಡೂ ಕಡೆ ಕಳ್ಳನು ದ್ವೇಷಕ್ಕೆ ಪಾತ್ರನಲ್ಲ. ಆದರೆ ಹಗಲಿನ ಕಥೆಯಲ್ಲಿ ಕೊಡುವವನು ದೊಡ್ಡವನು, ಇರುಳಿನ ಕಥೆಯಲ್ಲಿ ಕಿತ್ತುಕೊಳ್ಳುವವನು.

ಇನ್ನು ಅವನ ಕೊನೆ. 1922ರ ಜುಲೈ ತಿಂಗಳು. ಬೀಳಗಿ ಸೀಮೆಯ ತೆಗ್ಗಿಯಲ್ಲಿ ಲಕ್ಷ್ಮಣನಿಗೆ ಆಶ್ರಯ ಕೊಟ್ಟಿದ್ದ ದೊಡ್ಡ ಮನೆತನವೊಂದಿತ್ತು. ಸರಕಾರದ ಬೆದರಿಕೆಗೋ ಆಸೆಗೋ ಒಳಗಾಗಿ ಆ ಮನೆಯ ಯಜಮಾನನು ಅವನನ್ನು ಊಟಕ್ಕೆ ಕರೆದನೆಂದೂ, ಹೊಂಚು ಹಾಕಿದ್ದ ಪೋಲೀಸರ ಗುಂಡಿಗೆ ಅವನು ಬಲಿಯಾದನೆಂದೂ ಕಥೆ. ಬಾಳೆಲ್ಲ ಕರೆಯದೆ ಮನೆಗಳಿಗೆ ನುಗ್ಗಿದವನು ಕರೆದ ಮನೆಯಿಂದ ಸತ್ತ. ಹಾಬ್ಸ್‌ಬಾಮ್ ಎಂಬ ಇತಿಹಾಸಕಾರರು 1969ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ, ದೇಶದೇಶಗಳ ಜನಪ್ರಿಯ ದರೋಡೆಕೋರರ ಕಥೆಗಳನ್ನು ಹೋಲಿಸಿ, ಇಂಥವರು ಕಥೆಗಳಲ್ಲಿ ಸಾಯುವುದು ದ್ರೋಹದಿಂದ ಮಾತ್ರವೆಂದು ಗುರುತಿಸಿದ್ದಾರೆ. ಹಾಗಾದರೆ ಲಕ್ಷ್ಮಣನ ಸಾವನ್ನು ಕಥೆಯ ಅಚ್ಚಿಗೆ ತಕ್ಕಂತೆ ಜನರೇ ತಿದ್ದಿದರೇ? ನನಗೆ ಹಾಗೆ ತೋರುವುದಿಲ್ಲ. ಗುಡ್ಡ ಬಲ್ಲವನನ್ನು ಗುಡ್ಡದಲ್ಲಿ ಹಿಡಿಯುವುದು ಪೋಲೀಸರಿಗೆ ಸಾಧ್ಯವಿರಲಿಲ್ಲ; ಅವನು ನಂಬಿ ಬರುವ ಒಂದು ಹೊಸ್ತಿಲು ಬೇಕಾಗಿತ್ತು.

ಪ್ರೇಕ್ಷಕರ ನಿಜವಾದ ತೀರ್ಪು ಹೊರಬೀಳುವುದು ಈ ಊಟದ ದೃಶ್ಯದಲ್ಲಿ. ಸಾಹುಕಾರನ ಬಾಗಿಲು ಮುರಿದಾಗ ಸೀಟಿ ಹೊಡೆದವರು ಇಲ್ಲಿ ಕಲ್ಲಿನಂತೆ ಕೂಡುತ್ತಾರೆ. ಹೆಂಗಸರ ಸಾಲಿನಿಂದ ನೆಟಿಕೆ ಮುರಿದು ಶಪಿಸುವ ಸದ್ದು ಕೇಳುತ್ತದೆ. ಕೀಲಿ ಒಡೆಯುವುದನ್ನು ಕ್ಷಮಿಸಬಲ್ಲ ಈ ಜನ ತುತ್ತು ಕೊಟ್ಟು ಕುತ್ತಿಗೆ ಕೊಯ್ಯುವುದನ್ನು ಕ್ಷಮಿಸಲಾರರು. ಬೈಲಹೊಂಗಲದ ಸಂಗ್ಯಾಬಾಳ್ಯಾ ಸಣ್ಣಾಟವನ್ನು ನೋಡುವಾಗಲೂ ನಾನು ಇದನ್ನು ಕಂಡಿದ್ದೇನೆ. ಪರಸ್ತ್ರೀಯನ್ನು ಬಯಸಿದ ಸಂಗ್ಯಾನ ತಪ್ಪು ಜನರಿಗೆ ತಿಳಿಯದ್ದಲ್ಲ. ಆದರೂ ಅವರ ಸಿಟ್ಟೆಲ್ಲ ಹೋಗುವುದು ಗೆಳೆಯನನ್ನು ಕೊಲೆಗಾರರಿಗೆ ಒಪ್ಪಿಸಿದ ಬಾಳ್ಯಾನ ಮೇಲೆ.

ನಮ್ಮ ಹಳ್ಳಿಗಳ ಹವ್ಯಾಸಿ ಮಂಡಳಿಗಳು ಪಾತ್ರ ಹಂಚುವ ದಿನ ಕುಳಿತು ನೋಡಿದವರಿಗೆ ಇದು ಇನ್ನೂ ಚೆನ್ನಾಗಿ ಅರಿವಾಗುತ್ತದೆ. ಲಕ್ಷ್ಮಣನ ಪಾತ್ರಕ್ಕೆ ಜಗಳ. ಅಳಿಯಂದಿರ ಪಾತ್ರಗಳಿಗೆ ವಂತಿಗೆ ಹೆಚ್ಚು ಕೊಡಲೂ ಹುಡುಗರು ಸಿದ್ಧ. ಬಡ್ಡಿಯ ಸಾಹುಕಾರನಿಗೂ ಹಾಸ್ಯದ ಆಸೆಯಿಂದ ಯಾರಾದರೂ ಸಿಗುತ್ತಾರೆ. ತೆಗ್ಗಿಯ ಯಜಮಾನನ ಪಾತ್ರ ಬಂದಾಗ ಮಾತ್ರ ಎಲ್ಲರೂ ನೆಲ ನೋಡುತ್ತಾರೆ. ಒಮ್ಮೆ ಸಿಂದಗಿ ಕಡೆಯ ಹಳ್ಳಿಯೊಂದರಲ್ಲಿ ಕೊನೆಗೆ ಮೇಷ್ಟ್ರೇ ಆ ಪಾತ್ರ ಹಾಕಬೇಕಾಯಿತು. ನಾಟಕ ಮುಗಿದ ಮೇಲೆ ಹದಿನೈದು ದಿನಗಳವರೆಗೆ ಆ ಊರಿನ ಮುದುಕಿಯರು ತಮ್ಮನ್ನು ಕಂಡರೆ ಮುಖ ತಿರುಗಿಸುತ್ತಿದ್ದರೆಂದೂ, ಯಾರ ಮನೆಯಲ್ಲೂ ಚಹಕ್ಕೆ ಕರೆಯಲಿಲ್ಲವೆಂದೂ ಅವರೇ ನನಗೆ ನಗುತ್ತ ಹೇಳಿದರು.